ಸೂಕ್ಷ್ಮದರ್ಶಕದ ಹಿಂದಿನ ಕಣ್ಣುಗಳು

ಪುಣೆಗೆ ಬಂದು ಹತ್ತು ವರ್ಷ ಕಳೆದರೂ ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಹಿರಿಯರು ಇಂದಿಗೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಐಟಿ ಅಂತೀಯಲ್ಲಮ್ಮ, ಅದರಲ್ಲಿ ನೀನು ಮಾಡೋದೇನು?" ಎಂ.ಟೆಕ್ ಮುಗಿದ ಮೇಲೆ ನಾನು ಮಾಡಿಕೊಂಡು ಬಂದಿರುವ ಕೆಲಸ, ಜೀವವಿಜ್ಞಾನದ ಪ್ರಯೋಗಾಲಯಗಳಿಂದ ಬರುವ ಸೂಕ್ಷ್ಮದರ್ಶಕದ ಚಿತ್ರಗಳನ್ನು ಕಂಪ್ಯೂಟರ್ ಓದುವಂತೆ ಮಾಡುವುದು. ಚಿತ್ರದಲ್ಲಿ ಎಷ್ಟು ಜೀವಕೋಶಗಳಿವೆ, ಒಂದೊಂದರ ಗಾತ್ರ ಎಷ್ಟು, ಯಾವುದು ಉಳಿದವುಗಳ ಹಾಗಿಲ್ಲ ಎಂದು ತಂತ್ರಾಂಶ ಹೇಳಬೇಕು. ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸಿದ ಹಾಗೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಈ ಆರಿಸುವ ಕೆಲಸಕ್ಕೆ ಮುನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಅದನ್ನು ಓದುತ್ತಾ ಹೋದಾಗ ನನ್ನ ಗಮನ ಸೆಳೆದ ಸಂಗತಿ ಎಂದರೆ, ಯಂತ್ರಕ್ಕೆ ಜೀವಕೋಶ ನೋಡಲು ಕಲಿಸುವ ಮೊದಮೊದಲ ದೊಡ್ಡ ಪ್ರಯತ್ನ ನಡೆದದ್ದು ಹೆಂಗಸರಿಗೆ ಬರುವ ಒಂದು ಕಾಯಿಲೆಗಾಗಿ. ಯಂತ್ರಕ್ಕೂ ಮೊದಲು ಕೂತು ನೋಡಿದ, ಎಣಿಸಿದ, ಗುರುತು ಹಾಕಿದ ಕಣ್ಣುಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳವೇ. ನಮ್ಮ ಮಹಿಳಾ ವೇದಿಕೆಯ ಸ್ಮರಣ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಹೊಳೆಯಲಿಲ್ಲ.

ನೋಡಿದ್ದನ್ನು ಎಣಿಸಿದವರು

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ 'ಮೈಕ್ರೋಗ್ರಾಫಿಯಾ' ಎಂಬ ಪುಸ್ತಕ ಪ್ರಕಟಿಸಿದ. ಅದರಲ್ಲಿ ಮಡಿಸಿಟ್ಟ ಹಾಳೆಯಲ್ಲಿ ದೊಡ್ಡದಾಗಿ ಬರೆದ ಚಿಗಟದ ಚಿತ್ರ ಇಂದಿಗೂ ಪ್ರಸಿದ್ಧ. ಶಾಲೆಯಲ್ಲಿ ನಾವು ಓದಿದ್ದು, ಬಿರಡೆಯ ತೆಳುವಾದ ಸೀಳನ್ನು ನೋಡಿ ಅದರ ಪುಟ್ಟ ಪುಟ್ಟ ಗೂಡುಗಳಿಗೆ ಅವನು 'ಸೆಲ್' ಎಂದು ಹೆಸರಿಟ್ಟ ಎಂಬುದಷ್ಟನ್ನೇ. ಆದರೆ ಅವನು ಹೆಸರಿಟ್ಟು ಸುಮ್ಮನಾಗಲಿಲ್ಲ, ಎಣಿಸಿದ. ಒಂದು ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಗೂಡುಗಳು. ಹಾಗಾದರೆ ಅಂಗುಲಕ್ಕೆ 1,080. ಚದರ ಅಂಗುಲಕ್ಕೆ 11,66,400. ಘನ ಅಂಗುಲಕ್ಕೆ 125 ಕೋಟಿಗೂ ಮೇಲೆ. ಸಣ್ಣ ಜಾಗದಲ್ಲಿ ಎಣಿಸಿ ಇಡಿಯದನ್ನು ಲೆಕ್ಕ ಹಾಕುವ ಈ ಉಪಾಯವನ್ನೇ ಇಂದಿನ ತಂತ್ರಾಂಶಗಳೂ ಬಳಸುತ್ತವೆ.

ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ ಬಟ್ಟೆ ವ್ಯಾಪಾರಿ. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರಗಳಿಂದ 1670ರ ದಶಕದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನು ಕಂಡ. ಇಷ್ಟು ಚಿಕ್ಕದನ್ನು ಅಳೆಯಲು ಅಳತೆಪಟ್ಟಿ ಎಲ್ಲಿಂದ ಬರಬೇಕು? ಮರಳಿನ ಕಣ, ತಲೆಗೂದಲು, ಕಾಳು ಇವುಗಳ ಜೊತೆ ಹೋಲಿಸಿ ಗಾತ್ರ ಹೇಳಿದ. ಚಿತ್ರ ಬರೆಯಲು ಅವನ ಕೈ ಪಳಗಿರಲಿಲ್ಲ, ಅದಕ್ಕಾಗಿ ಚಿತ್ರಕಾರರನ್ನು ಇಟ್ಟುಕೊಂಡಿದ್ದ. ನೋಡುವವರು ಒಬ್ಬರು, ಬರೆಯುವವರು ಇನ್ನೊಬ್ಬರು, ನಂಬಬೇಕಾದವರು ಮತ್ತೊಬ್ಬರು ಎಂಬ ಏರ್ಪಾಡು ಅಂದೇ ಶುರುವಾಯಿತು. ಅವನ ಮಾತನ್ನು ಲಂಡನ್ನಿನ ವಿದ್ವಾಂಸರು ಸುಲಭಕ್ಕೆ ಒಪ್ಪಲಿಲ್ಲ. 1677ರಲ್ಲಿ ಹುಕ್ ತಾನೇ ನೋಡಿ ಖಚಿತಪಡಿಸಬೇಕಾಯಿತು.

ಹಿಟ್ಟಿನ ಹುಳು ಹೇಳಿದ ಸತ್ಯ

ಮುಂದಿನ ಇನ್ನೂರು ವರ್ಷ ಮಸೂರಗಳು ಸುಧಾರಿಸಿದವು, ಕೋಶಗಳಿಗೆ ಬಣ್ಣ ಹಾಕುವ ರಾಸಾಯನಿಕಗಳು ಬಂದವು. ಬಣ್ಣ ಹಿಡಿದ ಕೋಶಗಳ ಒಳಗೆ ದಾರದ ತುಂಡುಗಳಂಥ ವರ್ಣತಂತುಗಳು ಕಂಡವು. ಅವು ಏನು ಮಾಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಒಬ್ಬರು. ಶಾಲಾ ಶಿಕ್ಷಕಿಯಾಗಿದ್ದ ಅವರು ಹಣ ಕೂಡಿಟ್ಟು, 35ರ ವಯಸ್ಸಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಪದವಿ ಓದಿದರು. 1903ರಲ್ಲಿ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ ಪಿಎಚ್.ಡಿ. ಪಡೆದರು.

ಅವರು ಆರಿಸಿಕೊಂಡದ್ದು ಹಿಟ್ಟಿನಲ್ಲಿ ಬೀಳುವ ಜಾತಿಯ ಒಂದು ಹುಳುವನ್ನು. ಹೆಣ್ಣು ಹುಳುವಿನ ಕೋಶಗಳಲ್ಲಿ 20 ದೊಡ್ಡ ವರ್ಣತಂತುಗಳು. ಗಂಡಿನ ಕೋಶಗಳಲ್ಲಿ 19 ದೊಡ್ಡವು, ಒಂದು ಮಾತ್ರ ಚಿಕ್ಕದು. ವೀರ್ಯಾಣುಗಳಲ್ಲಿ ಅರ್ಧಕ್ಕೆ ಚಿಕ್ಕದು ಸಿಗುತ್ತದೆ, ಇನ್ನರ್ಧಕ್ಕೆ ದೊಡ್ಡದು. ಮರಿ ಹೆಣ್ಣೋ ಗಂಡೋ ಎಂಬುದು ತಂದೆಯ ಕಡೆಯಿಂದ ಯಾವುದು ಬಂತು ಎಂಬುದರ ಮೇಲೆ ನಿಂತಿದೆ ಎಂದು 1905ರಲ್ಲಿ ಸ್ಟೀವನ್ಸ್ ಬರೆದರು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಕೂಡ ಬೇರೆ ಕೀಟಗಳನ್ನು ನೋಡಿ ಇದೇ ದಾರಿಯಲ್ಲಿದ್ದರು. ಪುಸ್ತಕಗಳಲ್ಲಿ ಬಹುಕಾಲ ಮುಂದೆ ನಿಂತದ್ದು ಅವರ ಹೆಸರೇ. ಸ್ಟೀವನ್ಸ್ 1912ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು, ಆಗ ಅವರಿಗೆ 50 ವರ್ಷ.

ಮನುಷ್ಯರಲ್ಲೂ ಲೆಕ್ಕ ಇದೇ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಗಾಜಿನ ಪಟ್ಟಿಯ ಮೇಲೆ ಎಣಿಸಿ ತೋರಿಸಿದ ಸಂಗತಿ ಇದು. ಆದರೂ ಎರಡನೆಯದೂ ಹೆಣ್ಣಾಯಿತು ಎಂದು ಸೊಸೆಯನ್ನು ದೂರುವ ಮನೆಗಳು ನಮ್ಮ ಸುತ್ತ ಇನ್ನೂ ಇವೆ.

48 ಅಥವಾ 46?

ಹುಳುವಿನ ವರ್ಣತಂತು ಎಣಿಸಿದಷ್ಟು ಸುಲಭವಾಗಿ ಮನುಷ್ಯರದನ್ನು ಎಣಿಸಲಾಗಲಿಲ್ಲ. ಅವು ಒಂದರ ಮೇಲೊಂದು ಬಿದ್ದು, ನೆನೆಸಿ ಬಸಿದ ಶ್ಯಾವಿಗೆಯ ಹಾಗೆ ಅಂಟಿಕೊಂಡಿರುತ್ತಿದ್ದವು. ಟೆಕ್ಸಾಸಿನ ಥಿಯೋಫಿಲಸ್ ಪೇಂಟರ್ 46 ಮತ್ತು 48ರ ನಡುವೆ ತೂಗಾಡಿ, 1923ರಲ್ಲಿ 48 ಎಂದು ತೀರ್ಮಾನಿಸಿದರು. ಮುಂದಿನ ಮೂವತ್ತು ವರ್ಷ ಪಠ್ಯಪುಸ್ತಕಗಳಲ್ಲಿ 48 ಉಳಿಯಿತು. ಆಮೇಲೆ ನೋಡಿದ ಹಲವರಿಗೂ 48 ಕಂಡಿತು!

1950ರ ದಶಕದಲ್ಲಿ ಕೋಶಗಳನ್ನು ತೆಳು ಉಪ್ಪಿನ ದ್ರಾವಣದಲ್ಲಿಟ್ಟರೆ ಅವು ನೀರು ಹೀರಿ ಉಬ್ಬುತ್ತವೆ, ವರ್ಣತಂತುಗಳು ಬಿಡಿಬಿಡಿಯಾಗಿ ಹರಡುತ್ತವೆ ಎಂದು ತಿಳಿಯಿತು. ಜಾವಾದಲ್ಲಿ ಹುಟ್ಟಿದ ಜೋ ಹಿನ್ ಜಿಯೋ, ಸ್ವೀಡನ್ನಿನ ಲುಂಡ್‌ನಲ್ಲಿ ಆಲ್ಬರ್ಟ್ ಲೆವಾನರ ಪ್ರಯೋಗಾಲಯದಲ್ಲಿದ್ದಾಗ, 1955ರ ಡಿಸೆಂಬರ್ 22ರಂದು ಇಂಥ ಸ್ಲೈಡುಗಳಲ್ಲಿ 46 ಎಂದು ಕಂಡರು. 1956ರಲ್ಲಿ ಅದು ಫೋಟೋ ಸಮೇತ ಪ್ರಕಟವಾಯಿತು. ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲ.

46 ಎಂಬ ಲೆಕ್ಕ ಸರಿಯಾದ ಮೇಲೆ 47 ಇದ್ದವರು ಯಾರು ಎಂದು ಕೇಳಲು ಸಾಧ್ಯವಾಯಿತು. ಪ್ಯಾರಿಸ್ಸಿನ ಮಕ್ಕಳ ವೈದ್ಯೆ ಮಾರ್ತ್ ಗೋತಿಯೆ ಬಾಸ್ಟನ್ನಿನಲ್ಲಿ ಕೋಶ ಬೆಳೆಸುವುದನ್ನು ಕಲಿತು ಬಂದಿದ್ದರು. ಸ್ವಂತ ಸಾಲದಲ್ಲಿ ಗಾಜಿನ ಸಾಮಾನು ಕೊಂಡು, ತಮ್ಮದೇ ರಕ್ತದ ಸೀರಂ ಬಳಸಿ, ಡೌನ್ ಸಿಂಡ್ರೋಮ್ ಇರುವ ಮಗುವಿನ ಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಿಗೆ ಇರುವುದನ್ನು 1958ರಲ್ಲಿ ಕಂಡುದಾಗಿ ಮುಂದೆ ಅವರೇ ಬರೆದಿದ್ದಾರೆ. ಅವರ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಹೊಂದಿಸುವ ಕ್ಯಾಮೆರಾ ಇರಲಿಲ್ಲ. ಸಹೋದ್ಯೋಗಿ ಜೆರೋಮ್ ಲೆಜೂನ್ ಸ್ಲೈಡುಗಳನ್ನು ಫೋಟೋ ತೆಗೆಸಲು ಒಯ್ದರು. 1959ರ ಜನವರಿಯಲ್ಲಿ ಪ್ರಬಂಧ ಬಂದಾಗ ಲೆಜೂನರ ಹೆಸರು ಮೊದಲಿತ್ತು. ಗೋತಿಯೆಯವರದು ಎರಡನೆಯದು, ಅದೂ ತಪ್ಪು ಕಾಗುಣಿತದಲ್ಲಿ. ಐವತ್ತೈದು ವರ್ಷಗಳ ನಂತರ, 2014ರಲ್ಲಿ, ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೈತಿಕ ಸಮಿತಿ ಅವರ ಪಾತ್ರದ ಹಿರಿಮೆಯನ್ನು ಎತ್ತಿಹಿಡಿಯಿತು.

ಇಪ್ಪತ್ತೊಂದು ವರ್ಷ ಕೋಶ ಕೊಟ್ಟಾಕೆ

ಈಗ ನಾನು ಆರಂಭದಲ್ಲಿ ಹೇಳಿದ ಕಾಯಿಲೆಯ ಕಡೆ ಬರುತ್ತೇನೆ. ಅದು ಗರ್ಭಕಂಠದ ಕ್ಯಾನ್ಸರ್. ಗ್ರೀಸಿನ ವೈದ್ಯ ಜಾರ್ಜ್ ಪ್ಯಾಪನಿಕೊಲಾವ್ ಮತ್ತು ಪತ್ನಿ ಆಂಡ್ರೊಮಾಕಿ 1913ರಲ್ಲಿ ಅಮೆರಿಕಕ್ಕೆ ಬಂದಾಗ ಕೈಯಲ್ಲಿ ಹಣವಿರಲಿಲ್ಲ. ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಆಕೆ ಗುಂಡಿ ಹೊಲಿದರು, ಆತ ರತ್ನಗಂಬಳಿ ಮಾರಿದರು. ಮುಂದೆ ಆತನಿಗೆ ಕಾರ್ನೆಲ್‌ನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಮೇರಿ ಎಂದೇ ಎಲ್ಲರೂ ಕರೆಯುತ್ತಿದ್ದ ಆಕೆ ಅದೇ ಪ್ರಯೋಗಾಲಯದಲ್ಲಿ ಸಂಬಳವಿಲ್ಲದ ಸಹಾಯಕಿಯಾದರು.

ಗಿನಿಯಿಲಿಗಳ ಯೋನಿಯಿಂದ ತೆಗೆದ ಲೋಳೆಯನ್ನು ಗಾಜಿನ ಮೇಲೆ ಸವರಿ ನೋಡುತ್ತಿದ್ದ ಪ್ಯಾಪನಿಕೊಲಾವ್‌ಗೆ, ದಿನದಿನಕ್ಕೂ ಕೋಶಗಳ ರೂಪ ಬದಲಾಗುವುದು ಕಾಣುತ್ತಿತ್ತು. ಹೆಂಗಸರಲ್ಲಿ ಹೇಗೆ? ಮೇರಿ ತಮ್ಮದೇ ಮಾದರಿ ಕೊಟ್ಟರು, ಇಪ್ಪತ್ತೊಂದು ವರ್ಷಗಳ ಕಾಲ. ಆರೋಗ್ಯವಂತ ಹೆಣ್ಣಿನ ಕೋಶ ಹೇಗಿರುತ್ತದೆ ಎಂಬ ತಿಳಿವಳಿಕೆಗೆ ಅವರ ಸ್ಲೈಡುಗಳು ಆಧಾರವಾದವು. ಕ್ಯಾನ್ಸರ್ ಕೋಶಗಳು ಬೇರೆಯಾಗಿ ಕಾಣುತ್ತವೆ ಎಂದು ಪ್ಯಾಪನಿಕೊಲಾವ್ 1928ರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರೌಟ್ ಜೊತೆ 1943ರಲ್ಲಿ ತಂದ ಪುಸ್ತಕ ಪರಿಸ್ಥಿತಿಯನ್ನು ಬದಲಿಸಿತು. ಅದರ ಬಣ್ಣದ ಚಿತ್ರಗಳನ್ನು ಬರೆದವರು ಜಪಾನಿನಲ್ಲಿ ಹುಟ್ಟಿದ ಕಲಾವಿದ ಹಶಿಮೆ ಮುರಾಯಾಮ. ಪ್ಯಾಪ್ ಪರೀಕ್ಷೆ ಎಂದು ನಾವು ಇಂದು ಕರೆಯುವುದು ಇದನ್ನೇ. ಕೋಶಕೇಂದ್ರ ದೊಡ್ಡದಾಗಿ, ಕಡುಬಣ್ಣಕ್ಕೆ ತಿರುಗಿ, ಅಂಚು ಅಂಕುಡೊಂಕಾಗಿದ್ದರೆ ಅನುಮಾನ. ಕ್ಯಾನ್ಸರ್ ಆಗುವುದಕ್ಕೂ ಹಲವು ವರ್ಷ ಮೊದಲೇ ಈ ಬದಲಾವಣೆ ಹಿಡಿಯಬಹುದು ಎಂಬುದೇ ಇದರ ಬೆಲೆ.

ಯಂತ್ರಕ್ಕೆ ಕಣ್ಣು

ಒಂದು ಪ್ಯಾಪ್ ಸ್ಲೈಡಿನಲ್ಲಿ ಹತ್ತಾರು ಸಾವಿರ ಕೋಶಗಳು. ಅದರಲ್ಲಿ ಕೆಟ್ಟವು ಕೆಲವೇ ಇರಬಹುದು. ಕೋಟ್ಯಂತರ ಹೆಂಗಸರ ಸ್ಲೈಡುಗಳನ್ನು ನೋಡುವವರು ಯಾರು? 1950ರ ದಶಕದಲ್ಲಿ ಅಮೆರಿಕದಲ್ಲಿ 'ಸೈಟೋಅನಲೈಸರ್' ಎಂಬ ಯಂತ್ರ ಕಟ್ಟಿದರು. ಅದು ಸ್ಲೈಡಿನ ಮೇಲೆ ಬೆಳಕು ಹಾಯಿಸಿ, ಕೋಶಕೇಂದ್ರದ ಗಾತ್ರ ಮತ್ತು ಗಾಢತೆ ಅಳೆದು, ಅನುಮಾನವಿದ್ದರೆ ಎಚ್ಚರಿಸಬೇಕಿತ್ತು. ಒಂದರ ಮೇಲೊಂದು ಬಿದ್ದ ಕೋಶಗಳು, ರಕ್ತಕಣಗಳು, ಕಸ ಎಲ್ಲವೂ ಅದಕ್ಕೆ ಕ್ಯಾನ್ಸರಿನಂತೆ ಕಂಡವು. ಸುಳ್ಳು ಎಚ್ಚರಿಕೆಗಳು ಹೆಚ್ಚಾಗಿ ಯೋಜನೆ ನಿಂತಿತು.

ಆದರೆ ಅದು ಎತ್ತಿದ ಪ್ರಶ್ನೆ ಉಳಿಯಿತು. ಕೋಶದ ಅಂಚು ಎಲ್ಲಿದೆ ಎಂದು ಯಂತ್ರಕ್ಕೆ ಹೇಳುವುದು ಹೇಗೆ? 1966ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜುಡಿತ್ ಪ್ರೆವಿಟ್ ಮತ್ತು ಮಾರ್ಟಿಮರ್ ಮೆಂಡೆಲ್‌ಸನ್ ಕೋಶಚಿತ್ರಗಳ ವಿಶ್ಲೇಷಣೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಬಿಳಿ ರಕ್ತಕಣಗಳ ಚಿತ್ರಗಳನ್ನು ಅಂಕಿಗಳಾಗಿ ಮಾರ್ಪಡಿಸಿ, ಎಷ್ಟು ಚುಕ್ಕೆಗಳು ಎಷ್ಟು ಗಾಢವಾಗಿವೆ ಎಂಬ ಪಟ್ಟಿಯಿಂದ ಹಿನ್ನೆಲೆ, ಕೋಶದ್ರವ, ಕೋಶಕೇಂದ್ರ ಮೂರನ್ನೂ ಬೇರ್ಪಡಿಸಿದರು. 1970ರಲ್ಲಿ ಪ್ರೆವಿಟ್ ಅಂಚು ಹುಡುಕುವ ಒಂದು ಸರಳ ಲೆಕ್ಕ ಕೊಟ್ಟರು. ಪ್ರತಿ ಚುಕ್ಕೆಯ ಎಡಗಡೆಯ ಮೂರು ಚುಕ್ಕೆಗಳ ಮೊತ್ತವನ್ನು ಬಲಗಡೆಯ ಮೂರರಿಂದ ಕಳೆಯಿರಿ, ಮೇಲೆ ಕೆಳಗೂ ಹಾಗೆಯೇ ಮಾಡಿ. ಉತ್ತರ ದೊಡ್ಡದಾಗಿದ್ದರೆ ಅಲ್ಲಿ ಅಂಚಿದೆ.

ನಮ್ಮ ದೇಶದಲ್ಲಿ ಚಿತ್ರ ಸಂಸ್ಕರಣೆ ಓದಿದ ಪ್ರತಿಯೊಬ್ಬ ಎಂಜಿನಿಯರಿಗೂ 'ಪ್ರೆವಿಟ್ ಆಪರೇಟರ್' ಗೊತ್ತು. ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಅದು ಒಬ್ಬ ಹೆಣ್ಣುಮಗಳ ಹೆಸರು, ಅವರ ಕೆಲಸ ಬೆಳೆದದ್ದು ಜೀವಕೋಶಗಳ ಚಿತ್ರಗಳ ಮಧ್ಯೆ ಎಂಬ ಒಂದು ಸಾಲೂ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಅಂಟಿಕೊಂಡ ಕೋಶಗಳನ್ನು ಬಿಡಿಸಲು 1979ರಲ್ಲಿ ಫ್ರಾನ್ಸಿನ ಬ್ಯೂಷೆ ಮತ್ತು ಲಾಂಟುಯೆಜೂಲ್ ಸೊಗಸಾದ ಉಪಾಯ ಕೊಟ್ಟರು. ಚಿತ್ರವನ್ನು ಬೆಟ್ಟ ಕಣಿವೆಗಳ ನೆಲ ಎಂದುಕೊಳ್ಳಿ. ಕಣಿವೆಗಳಲ್ಲಿ ನೀರು ಏರುತ್ತಾ ಬರಲಿ. ಎರಡು ಕಡೆಯ ನೀರು ಕೂಡುವಲ್ಲಿ ಒಡ್ಡು ಕಟ್ಟಿ, ಅದೇ ಎರಡು ಕೋಶಗಳ ನಡುವಿನ ಗಡಿ. ನಮ್ಮ ಬಿಸಿಲೆ ಘಟ್ಟದ ಬಳಿ ಬಿದ್ದ ಮಳೆ ಒಂದು ಕಡೆ ಬಂಗಾಳ ಕೊಲ್ಲಿಗೂ ಇನ್ನೊಂದು ಕಡೆ ಅರಬ್ಬಿ ಸಮುದ್ರಕ್ಕೂ ಹೋಗುವ ದಿಬ್ಬವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಹೆಸರೂ 'ವಾಟರ್‌ಶೆಡ್' ಎಂದೇ.

ಈ ನಡುವೆ ಸ್ಲೈಡು ನೋಡುವ ಭಾರ ಮನುಷ್ಯರ ಮೇಲೆಯೇ ಇತ್ತು. ಆ ಕೆಲಸದಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಸ್ಲೈಡಿಗೆ ಇಷ್ಟು ಎಂದು ಕೂಲಿ ಕೊಟ್ಟು ಮಿತಿಮೀರಿ ದುಡಿಸುತ್ತಿದ್ದ ಪ್ರಯೋಗಾಲಯಗಳಲ್ಲಿ ಕ್ಯಾನ್ಸರ್ ಕಣ್ತಪ್ಪುತ್ತಿದೆ ಎಂದು 1987ರಲ್ಲಿ ಅಮೆರಿಕದ ಪತ್ರಿಕೆಯೊಂದು ಬಯಲು ಮಾಡಿತು. ಮರುವರ್ಷ ಬಂದ ಕಾನೂನಿನ ಪ್ರಕಾರ ಒಬ್ಬರು ದಿನಕ್ಕೆ 100 ಸ್ಲೈಡಿಗಿಂತ ಹೆಚ್ಚು ನೋಡುವಂತಿಲ್ಲ. 1990ರ ದಶಕದಲ್ಲಿ ಪ್ಯಾಪ್ ಸ್ಲೈಡು ನೋಡಲು ನೆರವಾಗುವ ಯಂತ್ರಗಳಿಗೆ ಅಲ್ಲಿ ಮೊದಲ ಬಾರಿಗೆ ಅನುಮತಿ ಸಿಕ್ಕಿತು.

ಹೆನ್ರಿಯೆಟಾಳ ಕೋಶಗಳು

ನಾನು ಕೆಲಸದಲ್ಲಿ ನೋಡುವ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಸರು 'ಹೀಲಾ'. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ಕಪ್ಪು ತಾಯಿ 1951ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಾಗ ಆಕೆಗೆ 31 ವರ್ಷ. ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಆಕೆಯ ಒಪ್ಪಿಗೆ ಕೇಳದೆ ತೆಗೆದ ಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ಲೆಕ್ಕವಿಲ್ಲದಷ್ಟು ಸಂಶೋಧನೆ ಅವುಗಳ ಮೇಲೆ ನಡೆದಿದೆ. ಈ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ ಎಂದು 1980ರ ದಶಕದಲ್ಲಿ ಹೆರಾಲ್ಡ್ ಸೂರ್ ಹೌಸೆನ್ ತೋರಿಸಿದಾಗ, ಆಕೆಯ ಕೋಶಗಳಲ್ಲೂ ಅದರ ಒಂದು ಬಗೆ ಸಿಕ್ಕಿತು. ಕುಟುಂಬದವರಿಗೆ ಈ ಕೋಶಗಳ ವಿಷಯ ತಿಳಿದದ್ದೇ ಆಕೆ ಸತ್ತು ಇಪ್ಪತ್ತು ವರ್ಷಗಳಾದ ಮೇಲೆ. ಪರದೆಯ ಮೇಲೆ 'ಹೀಲಾ' ಎಂಬ ಕಡತದ ಹೆಸರು ಕಂಡಾಗ ಅದರ ಹಿಂದೆ ಒಬ್ಬ ತಾಯಿ ಇದ್ದಾಳೆಂದು ನೆನಪಿಸಿಕೊಳ್ಳುತ್ತೇನೆ.

ಗೆರೆ ಎಳೆಯುವ ಕೈಗಳು

ಕಂಪ್ಯೂಟರ್ ಮೇಜಿನ ಮೇಲೆ ಬಂದಾಗ ಚಿತ್ರ ವಿಶ್ಲೇಷಣೆಯೂ ಎಲ್ಲರ ಕೈಗೆ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವೇಯ್ನ್ ರಾಸ್‌ಬ್ಯಾಂಡ್ 1987ರಲ್ಲಿ ಶುರುಮಾಡಿದ ತಂತ್ರಾಂಶವೇ 1997ರಲ್ಲಿ 'ಇಮೇಜ್‌ಜೆ' ಆಯಿತು. ಅದು ಉಚಿತ. ಭಾರತದ ಸಣ್ಣ ಕಾಲೇಜಿನ ವಿದ್ಯಾರ್ಥಿನಿಗೂ ಹಾರ್ವರ್ಡಿನ ಪ್ರೊಫೆಸರಿಗೂ ಒಂದೇ ಉಪಕರಣ. 2005ರ ಹೊತ್ತಿಗೆ ಸಾವಿರಾರು ಚಿತ್ರಗಳನ್ನು ಕೈಯಲ್ಲಿ ಅಳೆಯುವುದು ಆಗದ ಮಾತು ಎಂದು ಕೋಶವಿಜ್ಞಾನಿ ಆನ್ ಕಾರ್ಪೆಂಟರ್ ಪ್ರೋಗ್ರಾಮಿಂಗ್ ಕಲಿತು, ಕಂಪ್ಯೂಟರ್ ವಿಜ್ಞಾನಿ ಥೂಯಿಸ್ ಜೋನ್ಸ್ ಜೊತೆ 'ಸೆಲ್‌ಪ್ರೊಫೈಲರ್' ಕಟ್ಟಿದರು. 2015ರಲ್ಲಿ ಜರ್ಮನಿಯ ಫ್ರೈಬರ್ಗಿನಿಂದ ಬಂದ 'ಯು-ನೆಟ್' ಎಂಬ ಜಾಲ, ಕೆಲವೇ ಹತ್ತು ಚಿತ್ರಗಳಿಂದ ಗಡಿ ಗುರುತಿಸಲು ಕಲಿಯಿತು. ಕಾರ್ಸನ್ ಸ್ಟ್ರಿಂಗರ್ ಮತ್ತು ಸಂಗಡಿಗರ 'ಸೆಲ್‌ಪೋಸ್' ಕಲಿತದ್ದು ಗಡಿ ಗುರುತಿಸಿದ 70 ಸಾವಿರಕ್ಕೂ ಹೆಚ್ಚು ಆಕೃತಿಗಳಿಂದ.

ಆ ಗಡಿಗಳನ್ನು ಎಳೆದವರು ಮನುಷ್ಯರು. ಕೃತಕ ಬುದ್ಧಿಮತ್ತೆ ಎಂದು ನಾವು ಕೊಂಡಾಡುವುದರ ತಳದಲ್ಲಿ ಮೌಸ್ ಹಿಡಿದು ಒಂದೊಂದೇ ಕೋಶದ ಸುತ್ತ ಗೆರೆ ಎಳೆದ ಕೈಗಳಿವೆ. ಒಂದೇ ಚಿತ್ರವನ್ನು ಇಬ್ಬರು ಪರಿಣತರಿಗೆ ಕೊಟ್ಟರೆ ಗೆರೆಗಳು ಪೂರ್ತಿ ಕೂಡುವುದಿಲ್ಲ, ಇದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. 48 ಎಂದು ಕಲಿಸಿದರೆ ಯಂತ್ರವೂ 48 ಎಂದೇ ಎಣಿಸುತ್ತದೆ.

ನಮ್ಮ ಪಾಲಿಗೆ

2020ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ 1.2 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, 77 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ.

ಇದಕ್ಕೆ ದಾರಿ ಹುಡುಕಿದ ಎರಡು ದೊಡ್ಡ ಅಧ್ಯಯನಗಳು ನಾವಿರುವ ಮಹಾರಾಷ್ಟ್ರದಲ್ಲೇ ನಡೆದವು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಕೆಲಸ ಮಾಡಿತು. ಹತ್ತನೇ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗರ್ಭಕಂಠಕ್ಕೆ ವಿನೆಗರಿನಂಥ ದ್ರಾವಣ ಸವರಿ ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡಲು ಕಲಿಸಿತು. ಸಾವು ಶೇ. 31ರಷ್ಟು ಇಳಿಯಿತು. ಕರ್ನಾಟಕದ ಗಡಿಗೆ ಹೊಂದಿದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಹೆಂಗಸರ ನಡುವೆ ನಡೆದ ಅಧ್ಯಯನದಲ್ಲಿ, ಒಂದೇ ಒಂದು ಎಚ್‌ಪಿವಿ ಪರೀಕ್ಷೆ ಸಾವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಅಲ್ಲಿ ಪ್ಯಾಪ್ ಸ್ಲೈಡಿನಿಂದ ಅಷ್ಟು ಫಲ ಕಾಣಲಿಲ್ಲ. ಹೋಲಿಕೆಗೆ ಇಟ್ಟ ಗುಂಪಿನ ಹೆಂಗಸರಿಗೆ ತಪಾಸಣೆ ಕೊಡದಿದ್ದುದು ಸರಿಯೇ ಎಂಬ ಚರ್ಚೆಯೂ ಆಮೇಲೆ ನಡೆಯಿತು, ನಡೆಯಲೇಬೇಕಿತ್ತು.

ಚಿತ್ರ ಓದುವ ತಂತ್ರಾಂಶ ಬರೆಯುವ ನನಗೆ ಈ ಫಲಿತಾಂಶ ಮುಖ್ಯ ಪಾಠ. ಸ್ಲೈಡು ಓದುವ ಯಂತ್ರ ಎಷ್ಟೇ ಜಾಣನಾದರೂ, ಮಾದರಿ ಕೊಡಲು ಹೆಂಗಸು ಆಸ್ಪತ್ರೆಯ ತನಕ ಬಾರದಿದ್ದರೆ ಅದಕ್ಕೆ ನೋಡಲು ಏನೂ ಇರುವುದಿಲ್ಲ. ಸಂಕೋಚ, ಪುರುಸೊತ್ತಿಲ್ಲ ಎಂಬ ಮಾತು, "ನನಗೇನಾಗಿದೆ?" ಎಂಬ ಉದಾಸೀನ ಇವುಗಳನ್ನು ದಾಟಿಸುವ ತಂತ್ರಾಂಶ ಯಾರೂ ಬರೆದಿಲ್ಲ. ಆ ಕೆಲಸ ಗೆಳತಿ, ಅಕ್ಕ, ಅತ್ತಿಗೆಯರದು.

ಆದ್ದರಿಂದ ಈ ಸಂಚಿಕೆ ಓದುತ್ತಿರುವ, ಮೂವತ್ತು ದಾಟಿದ ಎಲ್ಲ ಅಕ್ಕತಂಗಿಯರಲ್ಲಿ ನನ್ನ ವಿನಂತಿ: ಪ್ಯಾಪ್ ಅಥವಾ ಎಚ್‌ಪಿವಿ, ನಿಮಗೆ ಯಾವುದು ಸೂಕ್ತ ಎಂದು ವೈದ್ಯರನ್ನು ಕೇಳಿ, ಮಾಡಿಸಿಕೊಳ್ಳಿ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಲಸಿಕೆಯ ಬಗ್ಗೆ ವಿಚಾರಿಸಿ. ಸ್ವದೇಶಿ ಲಸಿಕೆ ತಯಾರಾಗುವುದು ನಮ್ಮ ಪುಣೆಯಲ್ಲೇ. ನಿಮ್ಮ ಮನೆಗೆಲಸಕ್ಕೆ ಬರುವಾಕೆಗೂ ಒಂದು ದಿನ ರಜೆ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಮಹಿಳಾ ದಿನಾಚರಣೆಯಂದು ರಂಗೋಲಿ, ಅಡುಗೆ ಸ್ಪರ್ಧೆಗಳ ಜೊತೆ ನಮ್ಮ ಸಂಘದ ಸಭಾಂಗಣದಲ್ಲಿ ಒಂದು ತಪಾಸಣಾ ಶಿಬಿರವೂ ನಡೆಯಲಿ. ಹೆಸರು ನೋಂದಾಯಿಸಿಕೊಳ್ಳುವ ಮೇಜಿನ ಹಿಂದೆ ಕೂರಲು ನಾನು ಸಿದ್ಧ.